ಮೀನು ತಿನ್ನದ ಮನೆಯ ಮೀನಿನ ಚಾಕು

ಅರೇಹಳ್ಳಿ ಕಡೆಯವರಿಗೆ ಬೆಲೆ ಕಟ್ಟುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಫಿಯಾದರೆ ಔಟ್‌ಟರ್ನ್ ಎಷ್ಟು ಎಂದು ಕೇಳುತ್ತೇವೆ, ಮೆಣಸಾದರೆ ಲೀಟರ್ ತೂಕ ಕೇಳುತ್ತೇವೆ. ಏಲಕ್ಕಿಯನ್ನು ಅಂಗೈಯಲ್ಲಿ ಹರಡಿಕೊಂಡು ಬಣ್ಣ, ಗಾತ್ರ, ಸೀಳು ಎಲ್ಲ ನೋಡಿದ ಮೇಲೇ ಬಾಯಿ ಬಿಡುವುದು. ಗಂಡು ನೋಡಲು ಹೋದರೂ ಅಷ್ಟೇ. ತೋಟ ಎಷ್ಟು ಎಕರೆ ಎಂಬುದು ಎರಡನೇ ಪ್ರಶ್ನೆ, ಹೂಮಳೆ ಕೈಕೊಟ್ಟರೆ ಕೆರೆಯಲ್ಲಿ ನೀರಿದೆಯಾ ಎಂಬುದು ಮೊದಲನೆಯದು.

ಇಷ್ಟೆಲ್ಲ ಸೂಕ್ಷ್ಮ ಬಲ್ಲ ಜನ ಬೆಳ್ಳಿಯ ಮುಂದೆ ಕೂತಾಗ ಮಾತ್ರ ತಕ್ಕಡಿ ಬಿಟ್ಟು ಬೇರೆ ದೇವರನ್ನು ನಂಬುವುದಿಲ್ಲ. ತೂಕ ಹಾಕು, ಇವತ್ತಿನ ರೇಟಿಗೆ ಗುಣಿಸು, ವೇಸ್ಟೇಜು ಕಳೆ, ಮುಗಿಯಿತು. ಮದುಮಗಳ ಕಾಲ್ಗೆಜ್ಜೆ, ಅಜ್ಜಿಯ ಕುಂಕುಮದ ಭರಣಿ, ತಾತ ಎದೆಯ ಮೇಲೆ ಹೊತ್ತು ತಿರುಗಿದ ಲಿಂಗದ ಕರಡಿಗೆ, ಎಲ್ಲಕ್ಕೂ ಅಂಗಡಿಯಲ್ಲಿ ಒಂದೇ ನ್ಯಾಯ. ಕರಡಿಗೆಯ ಮೇಲೆ ಅಕ್ಕಸಾಲಿಗ ತಿಂಗಳುಗಟ್ಟಲೆ ಕೂತು ಕೆತ್ತಿದ ಬಳ್ಳಿಗೆ ಕೊಳ್ಳುವವನು ಏನೂ ಕೊಡುವುದಿಲ್ಲ. ಕೆತ್ತನೆಯ ಸಂದಿಯಲ್ಲಿ ಕೊಳೆ ಕೂತಿದೆ ಎಂದು ಒಂದು ಗ್ರಾಂ ಕಳೆಯುವುದೂ ಉಂಟು.

ಈ ಧರ್ಮಕ್ಕೆ ಭಂಗ ತಂದವರು ನಮ್ಮ ಭಾವ. ಅಕ್ಕನ ಯಜಮಾನರು, ಮೂರು ತಲೆಮಾರಿನ ಕಾಫಿ ಬೆಳೆಗಾರರು, ವಿಭೂತಿ ಧರಿಸದೆ ತಿಂಡಿಗೆ ಕೂರದವರು. ತೋಟವನ್ನು ಮಗನ ಕೈಗೆ ಕೊಟ್ಟಮೇಲೆ ಹೊತ್ತು ಹೋಗದೆ, ಮಹಡಿಯ ಮೇಲಿದ್ದ ಒಂದು ಹಲಸಿನ ಪೆಟ್ಟಿಗೆ ತೆಗೆದರು. ಅದರೊಳಗೆ ದೊರೆಗಳ ಕಾಲದ ಚಮಚ, ಫೋರ್ಕು, ಚಾಕು. ಅವತ್ತಿನಿಂದ ಭಾವನ ಕೊರಳಲ್ಲಿ ಕರಡಿಗೆಯ ಜೊತೆಗೆ ಒಂದು ಭೂತಗನ್ನಡಿಯೂ ನೇತಾಡುತ್ತಿದೆ.

ಪೆಟ್ಟಿಗೆ ಬಂದ ದಾರಿ ಈ ಭಾಗದಲ್ಲಿ ಹೊಸದೇನಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಮಂಜರಾಬಾದು, ಬೇಲೂರು, ಮೂಡಿಗೆರೆ ಸೀಮೆಯ ಕಾಡು ಕಡಿದು ಕಾಫಿ ಹಾಕಿದ ಇಂಗ್ಲಿಷ್ ದೊರೆಗಳು ಬಂಗಲೆ ಕಟ್ಟಿದರು, ಬಟ್ಲರ್ ಇಟ್ಟರು, ಸಕಲೇಶಪುರದಲ್ಲಿ ಮಂಜರಾಬಾದ್ ಕ್ಲಬ್ಬು, ಚಿಕ್ಕಮಗಳೂರಿನಲ್ಲಿ ಕಡೂರು ಕ್ಲಬ್ಬು ಮಾಡಿಕೊಂಡರು. ಸುತ್ತ ಹುಲಿ, ಮೇಲೆ ಜಡಿಮಳೆ, ಕಾಲಿಗೆ ಜಿಗಣೆ. ಹಾಗಿದ್ದರೂ ರಾತ್ರಿ ಊಟಕ್ಕೆ ಸೂಪಿಗೊಂದು ಚಮಚ, ಮೀನಿಗೊಂದು ಚಾಕು, ಹಣ್ಣಿಗೊಂದು ಚಾಕು ಮೇಜಿನ ಮೇಲೆ ಸಾಲಾಗಿ ಇರಲೇಬೇಕು. ಮಂಜರಾಬಾದಿನಲ್ಲಿ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ ಎಂಬ ದೊರೆ 1894 ರಲ್ಲಿ ‘ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್’ ಎಂಬ ಪುಸ್ತಕ ತಂದ. ಹೆಸರಿನಲ್ಲಿ ಚಿನ್ನ ಮೊದಲು, ಶಿಕಾರಿ ಆಮೇಲೆ, ಬದುಕು ಕೊಟ್ಟ ಕಾಫಿಗೆ ಮೂರನೇ ಜಾಗ. ಬೆಳ್ಳಿಯ ಸುದ್ದಿಯೇ ಇಲ್ಲ. ಅದು ಅವರಿಗೆ ಹೇಳಿಕೊಳ್ಳುವಂಥ ವಸ್ತುವಾಗಿರಲಿಲ್ಲ, ದಿನಾ ಉಣ್ಣುವ ಸಾಮಾನು.

ಸ್ವಾತಂತ್ರ್ಯ ಬಂತು, ದೊರೆಗಳು ಒಬ್ಬೊಬ್ಬರಾಗಿ ತೋಟ ಮಾರಿ ಹಡಗು ಹತ್ತಿದರು. ಮಾರುವಾಗ ಬಂಗಲೆ, ಪಲ್ಪರ್, ಕಣ, ಲೈನು ಮನೆ, ಕುರ್ಚಿ, ಮೇಜು, ಗೋಡೆಯ ಮೇಲಿನ ಕಾಡೆಮ್ಮೆಯ ತಲೆ ಎಲ್ಲ ಸೇರಿಸಿ ಒಂದೇ ಮಾತಿಗೆ ಕೊಟ್ಟುಹೋದವರು ಎಷ್ಟೋ ಮಂದಿ. ಭಾವನ ತಾತ ತೋಟ ಕೊಂಡದ್ದೂ ಹೀಗೆಯೇ. ಕಾಡೆಮ್ಮೆಯ ತಲೆಯನ್ನು ಯಾರಿಗೋ ದಾನ ಕೊಟ್ಟು, ಬಂಗಲೆಗೆ ಗಂಗಾಜಲ ಚಿಮುಕಿಸಿ, ಗುರುಗಳ ಪಾದಪೂಜೆ ಮಾಡಿಸಿ ಒಳಗೆ ಹೋದರಂತೆ. ಚಮಚದ ಪೆಟ್ಟಿಗೆಯನ್ನು ಮಾತ್ರ ದಾನ ಕೊಡಲಿಲ್ಲ. ಬೆಳ್ಳಿಗೆ ಮೈಲಿಗೆ ಇಲ್ಲ ಎಂಬ ಶಾಸ್ತ್ರವಾಕ್ಯ ಆ ಕ್ಷಣದಲ್ಲಿ ಅವರಿಗೆ ನೆನಪಾಗಿರಬೇಕು.

ಹೀಗೆ ಮೀನು ಮುಟ್ಟದ ಮನೆಗೆ ಮೀನಿನ ಚಾಕು ಬಂತು. ಅಗಲವಾಗಿ, ಮೊಂಡಾಗಿ, ಬೆನ್ನಿನ ಮೇಲೊಂದು ಡೊಂಕು ಇರುವ ಚಾಕು. ಅದರಲ್ಲಿ ಬಾಳೆಹಣ್ಣೂ ಸರಿಯಾಗಿ ಕೊಯ್ಯಲಾಗದು. ಬೆಳ್ಳಿಯಲ್ಲೇ ಮಾಡಲು ಕಾರಣವಿದೆ: ತುಕ್ಕು ಹಿಡಿಯದ ಸ್ಟೀಲು ಶೆಫೀಲ್ಡಿನಲ್ಲಿ ಬಂದದ್ದು 1913 ರಲ್ಲಿ. ಅದಕ್ಕೆ ಮೊದಲಿನ ಉಕ್ಕಿನ ಅಲಗಿಗೆ ಮೀನಿನ ಮೇಲೆ ಹಿಂಡಿದ ನಿಂಬೆರಸ ತಾಗಿದರೆ ಬಾಯೆಲ್ಲ ಕಬ್ಬಿಣದ ರುಚಿ. ಅದಕ್ಕೇ ಮೀನಿಗೂ ಹಣ್ಣಿಗೂ ಬೆಳ್ಳಿ ಅಲಗು. ಹುಣಸೆಹುಳಿಗೆ ಕಬ್ಬಿಣದ ಪಾತ್ರೆ ಹಿಡಿಯದ ನಮ್ಮ ಅಡುಗೆಯವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಭಾವನ ಮನೆಯಲ್ಲಿ ಅದರ ಕೆಲಸ ಬೇರೆ. ಯುಗಾದಿಯ ದಿನ ಹೆಂಚಿನ ಮೇಲಿನ ಒಬ್ಬಟ್ಟು ಹರಿಯದ ಹಾಗೆ ಮಗುಚಿಹಾಕಲು ಅದರಷ್ಟು ಒಳ್ಳೆಯ ಸಾಮಾನು ಇನ್ನೊಂದಿಲ್ಲ ಎಂದು ಭಾವನ ತಾಯಿಯೇ ಕಂಡುಹಿಡಿದಿದ್ದರು.

ಅದಕ್ಕಿಂತ ಮಜದ್ದು ಇನ್ನೊಂದಿತ್ತು. ಒಂದು ಗೇಣುದ್ದದ ಬೆಳ್ಳಿಯ ಕಡ್ಡಿ, ಎರಡೂ ತುದಿಗೆ ಕಿರಿದಾದ ದೋಣಿ, ಒಂದು ಅಗಲ, ಇನ್ನೊಂದು ಸಪೂರ. ಆಳವಾದ ಭರಣಿಯ ತಳದಿಂದ ಕುಂಕುಮ ತೆಗೆಯಲು ಹೇಳಿ ಮಾಡಿಸಿದಂತಿದೆ ಎಂದು ಅದು ದೇವರ ಮನೆ ಸೇರಿ ಎಷ್ಟೋ ಗೌರಿಹಬ್ಬಗಳನ್ನು ಕಂಡಿತ್ತು. ಭಾವ ಭೂತಗನ್ನಡಿ ಹಿಡಿದು ಪುಸ್ತಕ ತಿರುವಿ, ಒಂದು ಮಧ್ಯಾಹ್ನ ಅದೇನೆಂದು ಪತ್ತೆ ಮಾಡಿದರು. ಬೇಯಿಸಿದ ಎಮ್ಮೆ-ದನದ ಮೂಳೆಯೊಳಗಿನ ಮಜ್ಜೆಯನ್ನು ಕೆದಕಿ ತೆಗೆದು ತಿನ್ನಲು ಇಂಗ್ಲಿಷರು ಬಳಸುತ್ತಿದ್ದ ಸಾಧನ. ಅಗಲದ ತುದಿ ದೊಡ್ಡ ಮೂಳೆಗೆ, ಸಪೂರ ತುದಿ ಸಣ್ಣ ಮೂಳೆಗೆ.

ವಿದ್ಯೆ ಬಂದಮೇಲೆ ಬಾಯಿ ಸುಮ್ಮನಿರುತ್ತದೆಯೇ? ಊಟದ ಹೊತ್ತಿಗೆ ಹೇಳಿಯೇಬಿಟ್ಟರು. ಅಕ್ಕ ತುತ್ತು ಅಲ್ಲೇ ಬಿಟ್ಟು ಎದ್ದಳು.

“ಏನ್ರೀ, ಇದನ್ನ ಹೇಳೋಕೆ ನಿಮಗೆ ಅರವತ್ತು ವರ್ಷ ಬೇಕಾಯ್ತಾ? ಇಲ್ಲಾ, ಇನ್ನೊಂದು ಅರವತ್ತು ವರ್ಷ ಸುಮ್ನಿರೋಕೆ ಆಗ್ತಿರ್ಲಿಲ್ವಾ?”

“ಅಲ್ಲ ಕಣೇ, ಇದು ಅಪರೂಪದ್ದು. ಬೆಂಗಳೂರಲ್ಲಿ ಇದಕ್ಕೆ ಮುಗಿಬೀಳ್ತಾರೆ.”

“ಬೀಳ್ಲಿ. ಮೊದಲು ಅದನ್ನ ದೇವರ ಮನೆಯಿಂದ ಆಚೆ ತೆಗೀರಿ.”

ನಾನು ನಡುವೆ ಬಾಯಿ ಹಾಕಿ, “ಇರ್ಲಿ ಬಿಡಕ್ಕ, ಇಷ್ಟು ವರ್ಷ ಕುಂಕುಮದಲ್ಲಿ ಮಿಂದು ಅದಕ್ಕೂ ದೀಕ್ಷೆ ಆಗಿರುತ್ತೆ” ಎಂದೆ. ಇಬ್ಬರೂ ನನ್ನತ್ತ ನೋಡಿದ ನೋಟದಲ್ಲಿ ಗಂಡಹೆಂಡಿರು ಒಂದಾಗಿಬಿಟ್ಟರು.

ಇನ್ನು ಗುರುತುಗಳ ವಿಷಯ. ಇಂಗ್ಲೆಂಡಿನ ಬೆಳ್ಳಿಯ ಬೆನ್ನ ಮೇಲೆ ಅಕ್ಕಿಕಾಳಿಗಿಂತ ಚಿಕ್ಕ ಮುದ್ರೆಗಳ ಸಾಲು ಇರುತ್ತದೆ, ಅದನ್ನು ಓದುವುದೇ ಈ ಚಟದ ಅರ್ಧ ಸುಖ. ನಡೆಯುತ್ತಿರುವ ಸಿಂಹ ಇದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ ಎಂದು ಮುದ್ರೆಯ ಕಚೇರಿಯವರು ಪರೀಕ್ಷೆ ಮಾಡಿ ಒಪ್ಪಿದ ಸ್ಟರ್ಲಿಂಗ್. ಚಿರತೆಯ ಮುಖವಿದ್ದರೆ ಲಂಡನ್, ಕೋಟೆಯಿದ್ದರೆ ಸ್ಕಾಟ್ಲೆಂಡಿನ ಎಡಿನ್‌ಬರೋ, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಹಳೆಯದರಲ್ಲಿ ಕಿರೀಟವಿದ್ದರೆ ಶೆಫೀಲ್ಡ್. ಸಮುದ್ರವೇ ಇಲ್ಲದ ಬರ್ಮಿಂಗ್‌ಹ್ಯಾಮಿಗೆ ಲಂಗರು ಯಾಕಪ್ಪಾ ಎಂದರೆ, 1773 ರಲ್ಲಿ ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್ ಎರಡೂ ಊರಿನವರು ನಮಗೂ ಮುದ್ರೆಯ ಕಚೇರಿ ಕೊಡಿ ಎಂದು ಲಂಡನ್ನಿಗೆ ಹೋದಾಗ ಸಭೆ ಸೇರುತ್ತಿದ್ದದ್ದು ‘ಕ್ರೌನ್ ಅಂಡ್ ಆ್ಯಂಕರ್’ ಎಂಬ ಹೆಂಡದಂಗಡಿಯಲ್ಲಂತೆ. ಅಂಗಡಿಯ ಬೋರ್ಡಿನಲ್ಲಿದ್ದ ಕಿರೀಟವನ್ನು ಒಬ್ಬರು, ಲಂಗರನ್ನು ಇನ್ನೊಬ್ಬರು ಹಂಚಿಕೊಂಡರು ಎಂದು ಪ್ರತೀತಿ. ನಮ್ಮ ಯೋಜನೆಗಳೂ ಸರ್ಕಲ್ಲಿನ ಹೋಟೆಲಿನಲ್ಲೇ ಹುಟ್ಟುವುದರಿಂದ ನಾನಂತೂ ಪೂರಾ ನಂಬಿದ್ದೇನೆ.

ರಾಜನದೋ ರಾಣಿಯದೋ ತಲೆ ಇದ್ದರೆ ಅದು ತೆರಿಗೆ ಕಟ್ಟಿದ ರಸೀದಿ, 1784 ರಿಂದ 1890 ರ ನಡುವಿನ ಮಾಲು. ಜೊತೆಗೊಂದು ಅಕ್ಷರ, ಅದು ವರ್ಷ. ಪ್ರತಿ ಊರಿಗೂ ಬೇರೆ ವರಸೆ, ಒಂದು ಸುತ್ತು ಮುಗಿದರೆ ಅಕ್ಷರದ ಮಾಟ, ಸುತ್ತಲಿನ ಚೌಕಟ್ಟು ಬದಲು. ಸವೆದ ಅಕ್ಷರ ಸಿ ಎಂದು ಅಕ್ಕ, ಇ ಎಂದು ಭಾವ. ಎರಡು ವರ್ಷದ ಈ ವ್ಯತ್ಯಾಸಕ್ಕೆ ಆ ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ. ಕೊನೆಯದು ಮಾಡಿದವರ ಹೆಸರಿನ ಮೊದಲಕ್ಷರಗಳು. ಲಂಡನ್ನಿನಲ್ಲಿ ಹೆಸ್ಟರ್ ಬೇಟ್‌ಮನ್ ಎಂಬಾಕೆ ಗಂಡ ತೀರಿಕೊಂಡ ಮೇಲೆ 1761 ರಲ್ಲಿ ತನ್ನದೇ ಎಚ್.ಬಿ. ಮುದ್ರೆ ನೋಂದಾಯಿಸಿ ದೊಡ್ಡ ಕಾರ್ಖಾನೆ ನಡೆಸಿದಳು. ಆಕೆಯ ಚಮಚವೆಂದರೆ ಇವತ್ತಿಗೂ ಕೊಳ್ಳುವವರ ಕಣ್ಣು ಅರಳುತ್ತದೆ. ಭಾವ ಒಂದು ತಿಂಗಳು ಕಂಡದ್ದರ ಬೆನ್ನಲ್ಲೆಲ್ಲ ಎಚ್.ಬಿ. ಹುಡುಕಿದರು. ಒಂದು ಸಣ್ಣ ಬಟ್ಟಲಿನ ತಳದಲ್ಲಿ ಸಿಕ್ಕೂ ಸಿಕ್ಕಿತು. ಅಕ್ಕ ಇಣುಕಿ ನೋಡಿ, “ಅದು ಹಳೇಬೀಡು ಇರ್ಬೇಕು ಕಣ್ರೀ. ನಿಮ್ಮ ಸೋದರತ್ತೆ ಮುಯ್ಯಿ ಹಾಕಿದ್ದು” ಎಂದಳು. ಸೋದರತ್ತೆಯ ಊರು ಹಳೇಬೀಡೇ. ಪಾತ್ರೆ ಬದಲಾಗದಿರಲಿ ಎಂದು ಅವರು ಎಲ್ಲದರ ಮೇಲೂ ಊರಿನ ಅಕ್ಷರ ಹೊಡೆಸುತ್ತಿದ್ದರು.

ಹಳೇಬೀಡು ಎಂದಾಗ ಒಂದು ಮಾತು. ಇಂಗ್ಲೆಂಡಿನಲ್ಲಿ ಬೆಳ್ಳಿ ಪರೀಕ್ಷೆ ಮಾಡಿಯೇ ಮಾರಬೇಕು, ಚಿರತೆಯ ತಲೆ ಒತ್ತಬೇಕು ಎಂದು ಕಾನೂನು ಬಂದದ್ದು 1300 ರಲ್ಲಿ. ಆಗ ನಮ್ಮ ದೋರಸಮುದ್ರದಲ್ಲಿ ಮೂರನೇ ವೀರಬಲ್ಲಾಳ ಆಳುತ್ತಿದ್ದ. 1311 ರಲ್ಲಿ ಮಲಿಕ್ ಕಾಫರ್ ದಂಡೆತ್ತಿ ಬಂದು ಭಂಡಾರ ಬಾಚಿಕೊಂಡು ಹೋದ. ಆತ ಕೆತ್ತನೆ ನೋಡಿ ಬೇರೆ ಇಟ್ಟಿರಲಾರ, ತೂಕದ ಲೆಕ್ಕದಲ್ಲೇ ಹೇರಿಸಿರಬೇಕು. ನಮ್ಮ ಬೆಳ್ಳಿ ಅಂಗಡಿಯವರ ಪದ್ಧತಿಗೆ ಇಷ್ಟು ಹಳೆಯ ಪರಂಪರೆ ಇದೆ.

ಭಾವನ ಸಂಶೋಧನೆಯಲ್ಲಿ ದುಃಖದ ಅಧ್ಯಾಯವೂ ಉಂಟು. ಪೆಟ್ಟಿಗೆಯ ದೊಡ್ಡ ಫೋರ್ಕು, ದೊಡ್ಡ ಚಮಚಗಳ ಬೆನ್ನ ಮೇಲೂ ಸಾಲು ಮುದ್ರೆಗಳಿದ್ದವು, ಪ್ರತಿ ಅಕ್ಷರಕ್ಕೂ ಚೆಂದದ ಪುಟ್ಟ ಚೌಕಟ್ಟು. ಬೆಳ್ಳಿಯ ರೇಟು ನೋಡಿ ಮನಸ್ಸಿನಲ್ಲೇ ಎರಡು ಎಕರೆ ಗದ್ದೆ ಕೊಂಡೂ ಆಗಿತ್ತು. ಓದಿದರೆ ಇ.ಪಿ.ಎನ್.ಎಸ್. ಅಂದರೆ ನಿಕಲ್ ಸಿಲ್ವರಿನ ಮೇಲೆ ವಿದ್ಯುತ್ತಿನಿಂದ ಹತ್ತಿಸಿದ ಬೆಳ್ಳಿಯ ಪೊರೆ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಕಂಪನಿ 1840 ರಲ್ಲಿ ಪೇಟೆಂಟ್ ತೆಗೆದ ವಿದ್ಯೆ. ಒಳಗಿರುವುದು ತಾಮ್ರ, ನಿಕಲ್, ಸತು. ಗೃಹಪ್ರವೇಶಕ್ಕೆ ಹೋದವರಿಗೆಲ್ಲ ತಾಂಬೂಲದ ಜೊತೆ ಕೊಡುವ ಜರ್ಮನ್ ಸಿಲ್ವರ್ ಬಟ್ಟಲು ಇದರ ಸ್ವಂತ ತಮ್ಮ. ಅದರಲ್ಲಿ ಜರ್ಮನಿಯೂ ಇಲ್ಲ, ಸಿಲ್ವರೂ ಇಲ್ಲ. ಕಾಡಿನ ನಡುವಿನ ದೊರೆಗೂ ಮೇಜಿನ ಮೇಲೆ ಜಂಬವಿರಬೇಕು, ಜೇಬಿಗೆ ಭಾರವಾಗಬಾರದು ಎಂಬ ಲೆಕ್ಕ ಇತ್ತು. ಇದು ತಿಳಿದ ದಿನ ಭಾವನಿಗೆ ದೊರೆಗಳ ಮೇಲಿದ್ದ ಗೌರವ ಕೊಂಚ ಇಳಿಯಿತು, ಸಲಿಗೆ ಹೆಚ್ಚಿತು.

ಚಾಕುಗಳಲ್ಲಿ ಇನ್ನೊಂದು ಪೆಟ್ಟು. ಸಿಂಹದ ಮುದ್ರೆ ಇರುವ, ಕೈಯಲ್ಲಿ ಹಿಡಿದರೆ ಭಾರ ಬರುವ ಬೆಳ್ಳಿ ಹಿಡಿ. ತೂಕ ಹಾಕಿ ಬರೆದಿಟ್ಟಿದ್ದರು. ಅಕ್ಕ ಒಂದು ದಿನ ಅವನ್ನು ಕುದಿನೀರಿನಲ್ಲಿ ಹಾಕಿ ತೊಳೆದಳು. ಅಲಗು ಸಡಿಲವಾಯಿತು, ಹಿಡಿಯೊಳಗಿಂದ ಕರಿ ಅಂಟು ಬುಳುಬುಳನೆ ಬಂತು. ಹಳೆಯ ಚಾಕುಗಳ ಹಿಡಿ ಎಂದರೆ ಕಾಗದದಷ್ಟು ತೆಳ್ಳನೆಯ ಬೆಳ್ಳಿ ತಗಡಿನ ಟೊಳ್ಳು, ಒಳಗೆ ರಾಳ ತುಂಬಿ ಅಲಗಿನ ಬಾಲವನ್ನು ಕೂರಿಸಿರುತ್ತಾರೆ. ಇದು ಮೋಸವಲ್ಲ, ಮಾಡುವ ಕ್ರಮವೇ ಹಾಗೆ. ಬಲ್ಲವರು ಚಾಕುವನ್ನು ತೂಕಕ್ಕೆ ಹಾಕುವುದಿಲ್ಲ. ಭಾವನ ಲೆಕ್ಕದ ಪುಸ್ತಕದಲ್ಲಿ ಆ ಪುಟಕ್ಕೆ ಈಗ ಅಡ್ಡಗೀಟು ಬಿದ್ದಿದೆ. ತಕ್ಕಡಿಯ ಧರ್ಮದ ಬಗ್ಗೆ ಮೊದಲ ಸಂಶಯ ಹುಟ್ಟಿದ್ದೂ ಆಗಲೇ ಎಂದು ಕಾಣುತ್ತದೆ.

ಕೊನೆಗೆ ಉಳಿದದ್ದು ನೀಲಿ ಮಖಮಲ್ಲಿನ ಒಂದು ಡಬ್ಬಿ. ಅದರಲ್ಲಿ ಟೀ ಚಮಚಗಳು, ಸಕ್ಕರೆ ಹೆಕ್ಕುವ ಒಂದು ಇಕ್ಕಳ. ಸಿಂಹ, ಲಂಗರು, ರಾಣಿಯ ತಲೆ ಮೂರೂ ಸ್ಪಷ್ಟ. ಅಪ್ಪಟ. ಅವನ್ನು ಕೈಗೆ ತೆಗೆದುಕೊಂಡು ನೋಡಬೇಕು. ಚಮಚದ ಗುಣಿಯ ಮೂತಿ ಎಡಗಡೆಗೆ ಒಂದಿಷ್ಟು ಜಾಸ್ತಿ ಸವೆದಿದೆ. ಬಲಗೈಯವರು ಕಪ್ಪಿನ ತಳ ಕೆರೆದೂ ಕೆರೆದೂ ಆದ ಸವೆತ ಅದು. ಒಂದೇ ಒಂದರಲ್ಲಿ ಮಾತ್ರ ಬಲಗಡೆ ಸವೆದಿದೆ, ಯಾರೋ ಎಡಚ ದೊರೆಸಾನಿ ತನ್ನ ಚಮಚವನ್ನು ಬೇರೆಯವರಿಗೆ ಬಿಟ್ಟುಕೊಡದೆ ಇಟ್ಟುಕೊಂಡಿದ್ದಳೇನೋ. ಗುಣಿಯೊಳಗೆ ನೋಡಿದರೆ ಮುಖ ತಲೆಕೆಳಗು, ತಿರುಗಿಸಿ ಬೆನ್ನಲ್ಲಿ ನೋಡಿದರೆ ನೆಟ್ಟಗೆ. ಬೇಲೂರಿನ ದರ್ಪಣಸುಂದರಿಗೆ ಇದನ್ನು ಕೊಟ್ಟಿದ್ದರೆ ಇನ್ನೂ ಒಂಬೈನೂರು ವರ್ಷ ಬೇಸರವಿಲ್ಲದೆ ನಿಂತಿರುತ್ತಿದ್ದಳು.

ಬೆಲೆ ಕಟ್ಟುವವರು ಈ ಸವೆತವನ್ನು ಮೊದಲು ನೋಡುತ್ತಾರೆ. ಗುಣಿ ಸವೆದರೆ ಬೆಲೆ ಇಳಿಯಿತು, ಫೋರ್ಕಿನ ಹಲ್ಲು ಮೊಂಡಾದರೆ ಇನ್ನೂ ಇಳಿಯಿತು. ಯಾರದೋ ಹೆಸರಿನಕ್ಷರ ಉಜ್ಜಿ ಅಳಿಸಿದ್ದರೆ ಅಲ್ಲಿ ಬೆಳ್ಳಿ ತೆಳ್ಳಗಾಗಿರುತ್ತದೆ, ಬೆರಳಲ್ಲಿ ಒತ್ತಿದರೆ ತಿಳಿಯುತ್ತದೆ. ಬಿಡಿ ಚಮಚಕ್ಕೆ ಕರಗಿಸುವ ಬೆಲೆಗಿಂತ ಹೆಚ್ಚು ಸಿಗುವುದು ಅಪರೂಪ. ಒಂದೇ ವರ್ಷದ, ಒಂದೇ ಕೈಯ, ಒಂದೂ ಕಳೆಯದ ಪೂರ್ತಿ ಸೆಟ್ಟಾದರೆ ಮಾತೇ ಬೇರೆ. ಹದಿನೆಂಟನೇ ಶತಮಾನದ ಮೊದಲ ಭಾಗದ ಚಮಚಗಳಲ್ಲಿ ವಂಶಲಾಂಛನ ಬೆನ್ನಿನ ಮೇಲಿರುತ್ತದೆ, ಆಗಿನವರು ಚಮಚವನ್ನು ಮೇಜಿನ ಮೇಲೆ ಬೋರಲು ಹಾಕುತ್ತಿದ್ದರು. ಮುಂದೆ ಅಂಗಾತ ಹಾಕಲು ಶುರುಮಾಡಿದರು, ಲಾಂಛನವೂ ಮುಂದೆ ಬಂತು. ತೊಳೆದ ಲೋಟವನ್ನು ಬೋರಲು ಹಾಕುವ ನಮ್ಮ ಮನೆಗಳಲ್ಲಿ ಹೆಸರು ತಳದಲ್ಲೇ ಇರುತ್ತದಲ್ಲ, ಹಾಗೆ.

ಇಲ್ಲಿಯೇ ಮಾಡಿದ ದೊರೆ-ಬೆಳ್ಳಿಯೂ ಉಂಟು. ಮದ್ರಾಸಿನ ಮೌಂಟ್ ರೋಡಿನ ಪಿ. ಓರ್ ಅಂಡ್ ಸನ್ಸ್, ಬೆಂಗಳೂರು ದಂಡಿನ ಬಾರ್ಟನ್ ಸನ್ ಅಂಡ್ ಕಂಪನಿಯಂಥವರು ನಮ್ಮ ಅಕ್ಕಸಾಲಿಗರ ಕೈಯಲ್ಲಿ ಟೀ ಸೆಟ್ಟು, ಚಮಚ ಮಾಡಿಸಿ ಮಾರುತ್ತಿದ್ದರು. ದೇವರ ವಿಗ್ರಹಗಳನ್ನು ಸಾಲಾಗಿ ಮೂಡಿಸಿದ ಸಾಮಾನಿಗೆ ‘ಸ್ವಾಮಿ’ ಬೆಳ್ಳಿ ಎಂದೇ ಹೆಸರು. ದೊರೆಸಾನಿಯ ಟೀ ಪಾತ್ರೆಯ ಹೊಟ್ಟೆಯ ಮೇಲೆ ನಮ್ಮ ದೇವಾನುದೇವತೆಗಳು, ಮೂತಿಯಿಂದ ಟೀ. ಭಾರತದಲ್ಲಿ ಸಿಂಹ-ಚಿರತೆ ಒತ್ತುವ ಸರ್ಕಾರಿ ಕಚೇರಿ ಇರಲಿಲ್ಲವಾದ್ದರಿಂದ ಅಂಗಡಿಯ ಹೆಸರೇ ಮುದ್ರೆ, ಅಂಗಡಿಯ ಮಾತೇ ಭರವಸೆ. ಒತ್ತಿರುವುದು ಓರ್ ಎಂದು. ಬಡಿದು ಮಾಡಿದವನು ಯಾವ ಆಚಾರ್ಯ ಎಂಬುದನ್ನು ಒತ್ತುವ ಮೊಳೆ ಮಾತ್ರ ಯಾರೂ ಮಾಡಿಸಲಿಲ್ಲ.

ಭಾವನ ಕೀರ್ತಿ ಹಬ್ಬಿ ಈಗ ಅರಸೀಕೆರೆಯಿಂದಲೂ ಜನ ಬರುತ್ತಾರೆ. ಕೊಬ್ಬರಿ ವ್ಯಾಪಾರದ ನಂಟರೊಬ್ಬರು ಒಂದು ಕರ್ಚೀಫಿನಲ್ಲಿ ಎರಡು ಚಮಚ ಸುತ್ತಿಕೊಂಡು ಬಂದರು. ಹಿಡಿಯ ಮೇಲೆ ಎಂ. ಅಂಡ್ ಎಸ್.ಎಂ., ಒಂದು ಕಾಲಕ್ಕೆ ಅರಸೀಕೆರೆಯ ಮೇಲೆ ರೈಲು ಓಡಿಸಿದ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ಬೆಳ್ಳಿಯಲ್ಲ, ಮುಲಾಮು. ಆದರೆ ರೈಲಿನ ಹುಚ್ಚಿನವರು ಇದನ್ನು ಹುಡುಕಿ ಕೊಳ್ಳುತ್ತಾರೆ ಎಂದು ಭಾವ ವಿವರಿಸಿದರು.

“ನಿಮ್ಮ ಮನೆಗೆ ಇದು ಹೇಗೆ ಬಂತು?” ಎಂದು ನಾನು ಕೇಳಬಾರದಿತ್ತು.

“ನಮ್ಮ ತಾತ ಜಂಕ್ಷನ್ನಲ್ಲಿ ಊಟಕ್ಕೆ ಹೋಗ್ತಿದ್ರು” ಎಂದರು ನಂಟರು.

“ಊಟ ಮಾಡಿ ಬಾಯಿ ತೊಳ್ಕೊಂಡು ಬರ್ತಾರೆ, ಇವರ ತಾತ ಚಮಚಾನೂ ತೊಳ್ಕೊಂಡು ಬಂದಿದ್ದಾರೆ” ಎಂದು ಅಕ್ಕ ಒಳಗಿನಿಂದ. ಅವತ್ತು ಕದ್ದದ್ದಕ್ಕೆ ಇವತ್ತು ಹೆರಿಟೇಜ್ ಎನ್ನುತ್ತೇವೆ. ನಡುವೆ ಎರಡು ತಲೆಮಾರು ಕಳೆದಿದ್ದರೆ ಸಾಕು.

ಮಾರಬೇಕೋ ಇಡಬೇಕೋ ಎಂಬ ಚರ್ಚೆ ಆ ಮನೆಯಲ್ಲಿ ಬೆಳ್ಳಿಯ ರೇಟಿನ ಜೊತೆಗೇ ಏರಿಳಿಯುತ್ತದೆ. 2025 ರಲ್ಲಿ ಬೆಳ್ಳಿ ಕಿಲೋಗೆ ಲಕ್ಷ ದಾಟಿ ಹಿಂದೆ ನೋಡದೆ ಓಡಿದಾಗ ಮಗ ಪೇಟೆಯ ರೇಟನ್ನು ದಿನಾ ಬೆಳಿಗ್ಗೆ ಅಪ್ಪನಿಗೆ ಓದಿ ಹೇಳುತ್ತಿದ್ದ, ಹಿಂದೆ ಕಾಫಿ ಬೋರ್ಡಿನ ಪಾಯಿಂಟು ಓದುತ್ತಿದ್ದ ಹಾಗೆ. ಭಾವ ಅವನಿಗೆ 1980 ರ ಕಥೆ ಹೇಳಿ ತಡೆದರು. ಅಮೆರಿಕದ ಟೆಕ್ಸಾಸಿನ ಹಂಟ್ ಸಹೋದರರು ಸಿಕ್ಕ ಬೆಳ್ಳಿಯನ್ನೆಲ್ಲ ಕೊಂಡು ಕೂಡಿಹಾಕಿ, ಆ ಜನವರಿಯಲ್ಲಿ ರೇಟನ್ನು ಔನ್ಸಿಗೆ ಐವತ್ತು ಡಾಲರಿನ ಹತ್ತಿರ ತಂದರು. ಇಂಗ್ಲೆಂಡು, ಅಮೆರಿಕದ ಜನ ಅಜ್ಜಿ ಕಾಲದ ಚಮಚ, ಟೀ ಪಾತ್ರೆಗಳನ್ನು ಚೀಲದಲ್ಲಿ ತುಂಬಿ ಕುಲುಮೆಗೆ ಒಯ್ದು ಸಾಲು ನಿಂತರು. ಮಾರ್ಚ್ 27 ಕ್ಕೆ ರೇಟು ಹನ್ನೊಂದು ಡಾಲರಿಗಿಂತ ಕೆಳಗೆ ಕುಸಿಯಿತು. ಕುಲುಮೆಗೆ ಹೋದ ಚಮಚಗಳು ವಾಪಸ್ಸು ಬರಲಿಲ್ಲ. ಇವತ್ತು ಉಳಿದವಕ್ಕೆ ಬೆಲೆ ಇರುವುದರಲ್ಲಿ ಅವತ್ತು ಕರಗಿದವುಗಳ ಪಾಲೂ ಇದೆ.

ಲಂಡನ್ನಿನಲ್ಲಿರುವ ಮಗಳು ಫೋನಿನಲ್ಲಿ, “ಅಪ್ಪಾಜಿ, ಇಲ್ಲಿಗೆ ಕಳ್ಸಿ, ಹರಾಜಿಗೆ ಹಾಕ್ಸೋಣ” ಎಂದಳು. ಅದೂ ಆಗದ ಮಾತು. 1972 ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ತುಂಬಿದ ಕಲಾಕುಶಲ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ಹಡಗು ಏರಿ, ಘಾಟಿ ಹತ್ತಿ, ಅರೇಹಳ್ಳಿಯಲ್ಲಿ ಒಬ್ಬಟ್ಟಿನ ತುಪ್ಪ ಬಡಿಸಿಕೊಂಡಿದ್ದ ಚಮಚ ಈಗ ಭಾರತದ ಪುರಾತನ ವಸ್ತು. ತವರಿಗೆ ಹೋಗಲು ಅದಕ್ಕೆ ಅಪ್ಪಣೆಯಿಲ್ಲ. ಬಂದ ದೊರೆಗಳನ್ನು ಕಳಿಸಲು ನಾವು ಅಷ್ಟು ವರ್ಷ ಹೋರಾಡಿದೆವು, ಅವರ ಚಮಚವನ್ನು ಮಾತ್ರ ಬಿಡೆವು ಎನ್ನುತ್ತಿದ್ದೇವೆ.

ಇಷ್ಟೆಲ್ಲ ಆದಮೇಲೆ ನನಗೆ ಭಾವನನ್ನು ಕೆಣಕಬೇಕೆನಿಸಿದ್ದು ಬೇರೆಯೇ ಒಂದು ಕಾರಣಕ್ಕೆ. ಕಳೆದ ವರ್ಷ ಅವರ ಮನೆಯಿಂದ ಒಂದು ಹಳೆಯ ಒಳಲೆ ಹಾಸನದ ಅಂಗಡಿಗೆ ಹೋಗಿ ಎಕ್ಸ್‌ಚೇಂಜಿನಲ್ಲಿ ಲಕ್ಷ್ಮಿಯ ಮುಖವಾಡವಾಗಿ ಬಂದಿತ್ತು. ಮೂರು ತಲೆಮಾರಿನ ಎಳೆಮಕ್ಕಳು ಹಾಲು, ಬಜೆ ನೀರು ಕುಡಿದ ಒಳಲೆ. ಮೂತಿಯ ಹತ್ತಿರ ಯಾವುದೋ ಮಗುವಿನ ಮೊದಲ ಹಲ್ಲಿನ ಗುರುತು ಇತ್ತು. ಅದಕ್ಕೆ ಯಾರೂ ಭೂತಗನ್ನಡಿ ಹಿಡಿಯಲಿಲ್ಲ. ಹಿಡಿದಿದ್ದರೂ ಸಿಂಹ ಕಾಣುತ್ತಿರಲಿಲ್ಲ, ಲಂಗರು ಕಾಣುತ್ತಿರಲಿಲ್ಲ.

“ಭಾವ, ಆ ಒಳಲೆಯ ಬೆಳ್ಳಿ ನಿಮ್ಮ ಚಮಚಕ್ಕಿಂತ ಏನು ಕಡಿಮೆ?” ಎಂದೆ.

“ಅದು ಬಿಡೋ, ಊರ ಅಕ್ಕಸಾಲಿಗ ಮಾಡಿದ್ದು. ಟಚ್ಚು ಗೊತ್ತಿಲ್ಲ, ಮಾರ್ಕಿಲ್ಲ.”

“ಮನೆಯವರೇ ರೂಪಾಯಿ ಕೊಟ್ಟು ಮಾಡಿಸಿದ್ದು ತಾನೇ?”

ನಮ್ಮ ಹಿರಿಯರು ಬೆಳ್ಳಿ ಸಾಮಾನು ಮಾಡಿಸುತ್ತಿದ್ದದ್ದೇ ಹಾಗೆ. ರಾಣಿ ರೂಪಾಯಿಗಳನ್ನು ಎಣಿಸಿ ಅಕ್ಕಸಾಲಿಗನ ಮುಂದಿಟ್ಟರೆ ಅವನು ಕಣ್ಣೆದುರೇ ಮೂಸೆಗೆ ಹಾಕುತ್ತಿದ್ದ. ಒಂದು ರೂಪಾಯಿ ಎಂದರೆ ಒಂದು ತೊಲ, 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ನೂರಕ್ಕೆ 91.67. ಸ್ಟರ್ಲಿಂಗು 92.5. ವ್ಯತ್ಯಾಸ ಒಂದರಷ್ಟೂ ಇಲ್ಲ. ನಾಣ್ಯವನ್ನು ಅರ್ಧ ಬೆಳ್ಳಿಗೆ ಇಳಿಸಿದ್ದು ಯುದ್ಧದ ಕಾಲದಲ್ಲಿ, 1940 ರಲ್ಲಿ. ಅದಕ್ಕೂ ಮೊದಲು ರೂಪಾಯಿ ಕರಗಿಸಿ ಮಾಡಿಸಿದ ಒಳಲೆ, ಬೆಸುಗೆಯ ಪಾಲು ಬಿಟ್ಟರೆ, ದೊರೆಸಾನಿಯ ಚಮಚದ ಸಮಕ್ಕೆ ಕೂರುತ್ತದೆ. ಕೊರತೆ ಇರುವುದು ಬರಹದಲ್ಲಿ. ಆ ಕಡೆ ಏಳುನೂರು ವರ್ಷದಿಂದ ಯಾರೋ ಒಬ್ಬ ಗುಮಾಸ್ತ ಕೂತು ಬರೆದಿಟ್ಟ, ಈ ಕಡೆ ಎಲ್ಲ ಬಾಯಿಮಾತು. ಚಿನ್ನಕ್ಕೆ 2021 ರಲ್ಲಿ ಕಡ್ಡಾಯವಾದ ಹಾಲ್‌ಮಾರ್ಕು ಬೆಳ್ಳಿಗೆ ಇನ್ನೂ ಇಷ್ಟವಿದ್ದರೆ ಮಾತ್ರ ಎಂಬ ಲೆಕ್ಕದಲ್ಲಿದೆ. ದೊರೆಯ ಚಮಚದ ಜಾತಕ ನಮಗೆ ಬಾಯಿಪಾಠ, ಅಜ್ಜಿಯ ಒಳಲೆ ಮಾಡಿದವನ ಕೇರಿ ಯಾವುದು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ.

ಭಾವ ಸೋಲುವವರಲ್ಲ. “ಅದೆಲ್ಲ ಸರಿ ಮಾರಾಯ, ಇದು ನೋಡು, ಸೆಟ್ಟು” ಎಂದು ನೀಲಿ ಡಬ್ಬಿ ತೆರೆದರು. ಹನ್ನೆರಡು ಚಮಚಕ್ಕೆ ಮಾಡಿದ ಹನ್ನೆರಡು ಗುಳಿ, ಅದರಲ್ಲಿ ಒಂದು ಖಾಲಿ. ಬೆಂಗಳೂರಿನಿಂದ ಬಂದಿದ್ದ ಒಬ್ಬ ಸಂಗ್ರಾಹಕರು, ಹನ್ನೆರಡೂ ಇದ್ದರೆ ಕೇಳಿದಷ್ಟು, ಹನ್ನೊಂದಾದರೆ ತೂಕದ ರೇಟು ಎಂದು ಹೇಳಿ ಹೋಗಿದ್ದರಂತೆ. ಅವತ್ತಿನಿಂದ ಆ ಹನ್ನೆರಡನೆಯದಕ್ಕಾಗಿ ಅಟ್ಟ, ಉಗ್ರಾಣ, ಹಳೆಯ ಬಟ್ಲರನ ಕೋಣೆ, ರೈಟರ ಆಫೀಸು ಎಲ್ಲ ಜಾಲಾಡಿಸಿ ಆಗಿತ್ತು. ಲೈನು ಮನೆಯವರನ್ನೂ ಕೇಳೋಣ ಎಂದು ಹೊರಟವರನ್ನು ಅಕ್ಕ ಬೈದು ಕೂರಿಸಿದ್ದಳು.

“ನೀವು ಹುಡುಕೋದೆಲ್ಲ ಮುಗೀಲಿ ಅಂತ ಕಾಯ್ತಿದ್ದೆ” ಎಂದಳು ಅಕ್ಕ, ಒರೆಸಿದ ಕೈಯಲ್ಲೇ ಬಂದು ಕೂತು. “ಅತ್ತೆ ನಂಗೆ ಮದುವೆಯಾದ ಹೊಸದ್ರಲ್ಲೇ ಹೇಳಿದ್ರು. ನೀವು ಹುಟ್ಟಿದಾಗ ಉಡುದಾರಕ್ಕೆ ಎರಡು ತೊಲ ಬೇಕಾಗಿತ್ತಂತೆ. ಕಾಫಿ ದುಡ್ಡು ಬಂದಿರ್ಲಿಲ್ಲ. ಮಾವನವರಿಗೆ ಹೇಳದೇ ಒಂದು ಚಮಚ ಅಕ್ಕಸಾಲಿಗನಿಗೆ ಕಳ್ಸಿದ್ರಂತೆ.”

ಭಾವನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ಈಗಿರುವುದು ಬರೀ ದಾರ.

“ಹಾಗಾದ್ರೆ ಆ ಉಡುದಾರ ಎಲ್ಲಿ?”

“ಮಗಳು ಹುಟ್ಟಿದಾಗ ಅದನ್ನ ಹಾಕಿ ಗೆಜ್ಜೆ ಮಾಡ್ಸಿದ್ವಿ. ಮರೆತ್ರಾ?”

“ಆ ಗೆಜ್ಜೆ?”

“ಅವಳ ಮದುವೇಲಿ ಎಕ್ಸ್‌ಚೇಂಜಿಗೆ ಹಾಕಿ ದೇವರ ಮನೆ ದೀಪ ತಂದಿದ್ದು ಯಾರು? ನೀವೇ ಅಲ್ವಾ ಅಂಗಡೀಲಿ ಕೂತು, ತೂಕ ಸರಿಯಾಗಿ ನೋಡಪ್ಪಾ ಅಂತ ಜಗಳ ಆಡಿದ್ದು?”

ಭಾವ ಸ್ವಲ್ಪ ಹೊತ್ತು ದೇವರ ಮನೆಯ ಕಡೆ ನೋಡಿದರು. ಆಮೇಲೆ ಶಾಸ್ತ್ರಕ್ಕೊಂದು ಆಕ್ಷೇಪ ಎತ್ತಿದರು: “ಎಕ್ಸ್‌ಚೇಂಜಲ್ಲಿ ಕೊಟ್ಟ ಬೆಳ್ಳೀನೇ ವಾಪಸ್ಸು ಕೊಡಲ್ಲ ಕಣೇ. ಆ ದೀಪ ಬೇರೆ ಬೆಳ್ಳಿ.”

“ತೂಕ ಅದೇ ತಾನೇ? ಬೆಂಗಳೂರಿನವರಿಗೆ ಫೋನ್ ಹಾಕಿ. ಸೆಟ್ಟು ಪೂರ್ತಿ ಇದೆ ಅನ್ನಿ, ಹನ್ನೊಂದು ಚಮಚ, ಒಂದು ದೀಪ.”